ಗುಂಡಿಯ ಮೇಲೆ ಯಾರ ಹೆಸರು?

(ಗಿರಣಿ ಕಾರ್ಮಿಕರ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಹೊತ್ತಿಗೆ ಮುಂಚೆ ಅಂಗಡಿಯ ಬಾಗಿಲು ಹಾಕಿಕೊಂಡು ಬಂದವರೂ ಇದ್ದೀರಿ. ಆದ್ದರಿಂದ ಸುತ್ತುಬಳಸದೆ ವಿಷಯಕ್ಕೆ ಬರುತ್ತೇವೆ. ಯೂರೋಪಿನ ಯೆಹೂದಿಗಳನ್ನು ಹಿಟ್ಲರನ ನಾಜಿ ಸರ್ಕಾರ ಕೊಂದಿತು. ಇದು ಎಲ್ಲರೂ ಬಲ್ಲ ಮಾತು. ಕೊಂದ ಮೇಲೆ ಆ ಹೆಣಗಳನ್ನು ತುಂಬಿದ ಗುಂಡಿಗಳು ಏನಾದವು? ಬದುಕಿ ಉಳಿದ ಬೆರಳೆಣಿಕೆಯ ಜನ ಆ ಗುಂಡಿಗಳ ಬಳಿಗೆ ಬಂದು ಏನು ಮಾಡಿದರು? ಅವರನ್ನು ಯಾರು ತಡೆದರು, ಏಕೆ ತಡೆದರು? ಈ ಮಾತನ್ನು ಬಲ್ಲವರು ಕಡಿಮೆ. ಇಂದು ನಾವು ಹೇಳಹೊರಟಿರುವುದು ಇದನ್ನೇ.

ಮೊದಲು ಲೆಕ್ಕ. ಕೊಲೆಯಾದ ಯೆಹೂದಿಗಳು ಸುಮಾರು 60 ಲಕ್ಷ. ಎಲ್ಲರೂ ಆಷ್‌ವಿಟ್ಸಿನಂಥ ಶಿಬಿರಗಳ ವಿಷದ ಹೊಗೆಯಲ್ಲಿ ಸತ್ತರೆಂದು ಹಲವರ ಎಣಿಕೆ. ಅದು ಪೂರ್ತಿ ನಿಜವಲ್ಲ. 1941ರ ಜೂನ್ 22ರಂದು ಜರ್ಮನಿ ಸೋವಿಯೆತ್ ದೇಶದ ಮೇಲೆ ದಂಡೆತ್ತಿತು. ಸೈನ್ಯದ ಬೆನ್ನಿಗೇ ಕೊಲ್ಲುವುದನ್ನೇ ಕೆಲಸ ಮಾಡಿಕೊಂಡ ಪಡೆಗಳು ಹೋದವು. ಲಿಥುವೇನಿಯಾ, ಲಾಟ್ವಿಯಾ, ಬೆಲಾರೂಸ್, ಉಕ್ರೇನ್, ಈ ನಾಡುಗಳಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಯೆಹೂದಿಗಳು ಗುಂಡೇಟಿಗೆ ಬಲಿಯಾದರು. ಇವರನ್ನು ದೂರದ ಶಿಬಿರಕ್ಕೆ ರೈಲಿನಲ್ಲಿ ಸಾಗಿಸಲಿಲ್ಲ. ತಮ್ಮ ಊರಿನ ಅಂಚಿಗೆ ನಡೆಸಿಕೊಂಡು ಹೋದರು. ಊರಾಚೆಯ ಪೈನ್ ಕಾಡು, ಮರಳು ಗುಂಡಿ, ಮಳೆ ಕೊರೆದ ಕಮರಿ, ಇವೇ ಕೊಲೆಯ ಜಾಗಗಳು. ಎಷ್ಟೋ ಕಡೆ ನೆರೆಹೊರೆಯವರು ನಿಂತು ನೋಡಿದರು. ಕೆಲವು ಕಡೆ ಸ್ಥಳೀಯ ಪೊಲೀಸರೇ ಕೈಗೂಡಿಸಿದರು.

ಸತ್ತವರು ಯಾರು? ಯೆಹೂದಿ ಎಂದರೆ ದೊಡ್ಡ ಬ್ಯಾಂಕಿನ ಸಾಹುಕಾರ ಎಂದು ನಾಜಿಗಳು ಡಂಗುರ ಹೊಡೆದಿದ್ದರು. ಪೂರ್ವ ಯೂರೋಪಿನ ಆ ಊರುಗಳಲ್ಲಿ ಅವರು ಬಹುಮಟ್ಟಿಗೆ ದರ್ಜಿಗಳು, ಚಮ್ಮಾರರು, ಬಡಗಿಗಳು, ಕಾರ್ಖಾನೆಯ ಕೂಲಿಗಳು, ಸಂತೆಯಲ್ಲಿ ಗಂಟು ಬಿಚ್ಚಿ ಮಾರುವ ಸಣ್ಣ ವ್ಯಾಪಾರಿಗಳು. 1897ರಲ್ಲಿ ವಿಲ್ನಾ ಪಟ್ಟಣದಲ್ಲಿ ಹುಟ್ಟಿದ 'ಬುಂಡ್' ಎಂಬ ಯೆಹೂದಿ ಕಾರ್ಮಿಕರ ಪಕ್ಷ ಯೂರೋಪಿನ ಸಮಾಜವಾದಿ ಚಳುವಳಿಯ ಹಳೆಯ ಕೊಂಬೆಗಳಲ್ಲಿ ಒಂದು. ಮುಷ್ಕರ ಹೂಡುತ್ತಿದ್ದವರು, ಸಂಘದ ಚಂದಾ ಎತ್ತುತ್ತಿದ್ದವರು, ವಾಚನಾಲಯ ನಡೆಸುತ್ತಿದ್ದವರು ಆ ಗುಂಡಿಗಳಲ್ಲಿದ್ದಾರೆ. ಇಲ್ಲಿ ಕೂತ ನಮ್ಮಂಥವರೇ ಅವರು.

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಲಾಟ್ವಿಯಾದ ರಾಜಧಾನಿ ರೀಗಾ. ಅದರ ಹೊರಗೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ರುಂಬುಲಾ ಎಂಬ ರೈಲು ನಿಲ್ದಾಣ, ಅದರ ಪಕ್ಕದಲ್ಲಿ ಪೈನ್ ಮರಗಳ ತೋಪು. ಯುದ್ಧಕೈದಿಗಳಿಂದ ಅಲ್ಲಿ ದೊಡ್ಡ ಗುಂಡಿಗಳನ್ನು ತೋಡಿಸಿದರು. 1941ರ ನವೆಂಬರ್ 30, ಭಾನುವಾರ. ರೀಗಾದ ಯೆಹೂದಿ ಕೇರಿಯ ಜನರನ್ನು ಸಾಲುಸಾಲಾಗಿ ಹೊರಡಿಸಿದರು. ನಡೆಯಲಾರದೆ ಕುಸಿದವರನ್ನು ದಾರಿಯಲ್ಲೇ ಕೊಂದರು. ತೋಪಿನಲ್ಲಿ ಬಟ್ಟೆ, ಜೋಡು, ಒಡವೆ ಎಲ್ಲ ಬಿಚ್ಚಿಸಿ ಗುಂಡಿಗೆ ಇಳಿಸಿದರು. ಬರ್ಲಿನ್ನಿನಿಂದ ಆ ಬೆಳಿಗ್ಗೆ ರೈಲಿನಲ್ಲಿ ಬಂದಿಳಿದ ಸುಮಾರು ಸಾವಿರ ಜರ್ಮನ್ ಯೆಹೂದಿಗಳನ್ನೂ ಅಲ್ಲಿಯೇ ಮುಗಿಸಿದರು. ಡಿಸೆಂಬರ್ 8ರಂದು ಮತ್ತೆ ಅದೇ ಕೆಲಸ. ಎರಡು ದಿನದಲ್ಲಿ ಸುಮಾರು 25,000 ಮಂದಿ. ಈ ಕೊಲೆಯನ್ನು ನಡೆಸಿದ ಜರ್ಮನ್ ಅಧಿಕಾರಿ ಫ್ರೀಡ್ರಿಖ್ ಯೆಕೆಲ್ನನನ್ನು 1946ರ ಫೆಬ್ರವರಿ 3ರಂದು ರೀಗಾದಲ್ಲೇ ಗಲ್ಲಿಗೇರಿಸಲಾಯಿತು.

ಅಲ್ಲಿಂದ ಜೀವಸಹಿತ ಬಂದವರು ಒಂದು ಕೈಬೆರಳಿಗೆ ಸಿಕ್ಕುವಷ್ಟು ಜನ. ಅವರಲ್ಲಿ ಒಬ್ಬಳು ಫ್ರೀಡಾ ಮಿಖೆಲ್ಸನ್, ಬಟ್ಟೆ ಹೊಲಿಯುವ ಹೆಂಗಸು. ಹಿಮದ ಮೇಲೆ ಬೋರಲು ಬಿದ್ದು ಸತ್ತವಳಂತೆ ಮಲಗಿದಳು. ಸಾವಿಗೆ ಹೋಗುವವರು ಬಿಚ್ಚಿ ಎಸೆದ ಜೋಡುಗಳು ಅವಳ ಮೇಲೆ ರಾಶಿಯಾಗಿ ಬಿದ್ದು ಅವಳನ್ನು ಮುಚ್ಚಿದವು. ಕತ್ತಲಾದ ಮೇಲೆ ಎದ್ದು ತಪ್ಪಿಸಿಕೊಂಡಳು. ಮುಂದೆ ತಾನು ಕಂಡದ್ದನ್ನೆಲ್ಲ ಬರೆದಿಟ್ಟಳು.

ಕೊಂದವರಿಗೆ ಗುಂಡಿಯೂ ಭಯ ಹುಟ್ಟಿಸಿತು. ಯುದ್ಧ ತಮ್ಮ ಕೈ ಮೀರುತ್ತಿದೆ ಎಂದು ಕಂಡಾಗ, 1943 ಮತ್ತು 1944ರಲ್ಲಿ, ಸಾಕ್ಷಿ ಉಳಿಯಬಾರದೆಂದು ಹೆಣಗಳನ್ನು ಮತ್ತೆ ಅಗೆದು ತೆಗೆಸಿ ಸುಡಿಸಿದರು. ಆ ಕೆಲಸಕ್ಕೆ ಕೈದಿಗಳನ್ನೇ ಹೂಡಿದರು. ವಿಲ್ನಾ ಹೊರಗಿನ ಪೊನಾರಿ ಕಾಡಿನಲ್ಲಿ ಕೊಲೆಯಾದ ಯೆಹೂದಿಗಳು ಸುಮಾರು 70,000. ಅಲ್ಲಿ ಹೆಣ ಸುಡಲು ಕಾಲಿಗೆ ಸರಪಳಿ ಹಾಕಿ ಇಟ್ಟಿದ್ದ ಕೈದಿಗಳು ಸುಮಾರು 80. ತಮ್ಮ ಸ್ವಂತ ಹೆಂಡಿರು ಮಕ್ಕಳ ಹೆಣವನ್ನು ತಾವೇ ಎತ್ತಬೇಕಾದವರು ಅವರಲ್ಲಿದ್ದರು. ರಾತ್ರಿಯ ಹೊತ್ತು ಚಮಚ ಮತ್ತು ಬರಿಗೈಗಳಿಂದ ಅವರು ಸುಮಾರು ನೂರಡಿ ಉದ್ದದ ಸುರಂಗ ತೋಡಿದರು. 1944ರ ಏಪ್ರಿಲ್ 15ರ ರಾತ್ರಿ ಅದರೊಳಗಿಂದ ನುಸುಳಿದರು. ಕಾವಲುಗಾರರ ಗುಂಡು ತಪ್ಪಿಸಿಕೊಂಡು ಬದುಕಿದವರು ಹನ್ನೆರಡಕ್ಕೆ ಮೀರಲಿಲ್ಲ. ಆ ಸುರಂಗ ಇದ್ದದ್ದು ನಿಜವೆಂದು 2016ರಲ್ಲಿ ವಿಜ್ಞಾನಿಗಳು ನೆಲವನ್ನು ಅಗೆಯದೆ, ಉಪಕರಣಗಳಿಂದಲೇ ಗುರುತಿಸಿದರು.

ಗೋರಿ ಇಲ್ಲದ ಸಾವು

ಇಂಥ ಸಾವು ಉಳಿದವರಿಗೆ ಯಾವ ಕಷ್ಟ ತಂದಿತೆಂದು ತಿಳಿಯಬೇಕಾದರೆ, ಯೆಹೂದಿಗಳ ಸಂಪ್ರದಾಯವನ್ನು ಸ್ವಲ್ಪ ತಿಳಿಯಬೇಕು. ಸತ್ತವರನ್ನು ಅವರು ಸುಡುವುದಿಲ್ಲ, ಹೂಳುತ್ತಾರೆ. ಮೈ ತೊಳೆದು, ಬಿಳಿಯ ಬಟ್ಟೆ ಸುತ್ತಿ, ಬೇಗನೆ ಮಣ್ಣು ಮಾಡುತ್ತಾರೆ. ಶ್ರೀಮಂತನಿಗೂ ಬಡವನಿಗೂ ಒಂದೇ ಸಾದಾ ಬಟ್ಟೆ. ಒಬ್ಬೊಬ್ಬರಿಗೂ ಒಂದೊಂದು ಗೋರಿ, ಅದರ ಮೇಲೆ ಹೆಸರು ಕೊರೆದ ಕಲ್ಲು. ವರ್ಷಕ್ಕೊಮ್ಮೆ, ಸತ್ತ ತಿಥಿಯ ದಿನ, ಇಡೀ ರಾತ್ರಿ ಹಗಲು ಉರಿಯುವ ಮೇಣದ ಬತ್ತಿ ಹಚ್ಚುತ್ತಾರೆ. ಮಗನಾದವನು 'ಕದ್ದೀಷ್' ಎಂಬ ಪ್ರಾರ್ಥನೆ ಹೇಳುತ್ತಾನೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ. ದೇವರ ಸ್ತುತಿ ಮಾತ್ರ ಇದೆ. ಅದನ್ನು ಒಬ್ಬನೇ ಹೇಳುವಂತಿಲ್ಲ. ಹತ್ತು ಜನ ಕೂಡಬೇಕು. ಗೋರಿಗೆ ಹೋದವರು ಹೂವಿಗಿಂತ ಹೆಚ್ಚಾಗಿ ಒಂದು ಸಣ್ಣ ಕಲ್ಲು ಇಟ್ಟು ಬರುತ್ತಾರೆ: ಇಲ್ಲಿಗೆ ಯಾರೋ ಬಂದಿದ್ದರು, ಈ ಸತ್ತವನನ್ನು ಮರೆತಿಲ್ಲ ಎಂಬುದಕ್ಕೆ ಗುರುತು.

ಈಗ ನೋಡಿ. ಮೈ ತೊಳೆಯಲಿಲ್ಲ, ಬಟ್ಟೆ ಸುತ್ತಲಿಲ್ಲ. ಇದ್ದ ಬಟ್ಟೆಯನ್ನೂ ಬಿಚ್ಚಿಸಿದರು. ಗೋರಿ ಒಬ್ಬನದಲ್ಲ, ಸಾವಿರಾರು ಜನರದು. ಅದನ್ನೂ ಅಗೆದು ಸುಟ್ಟರು. ಸತ್ತ ದಿನ ಯಾವುದೆಂದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಇಡೀ ಊರಿನಲ್ಲಿ ಕದ್ದೀಷ್ ಹೇಳಲು ಬೇಕಾದ ಹತ್ತು ಜನ ಉಳಿದಿಲ್ಲ. ಸಂಪ್ರದಾಯದ ಒಂದೊಂದು ಎಳೆಯನ್ನೂ ನಾಜಿಗಳು ಕಡಿದು ಹಾಕಿದ್ದರು.

ಉಳಿದವರು ಆ ಕಡಿದ ಎಳೆಗಳನ್ನೇ ಗಂಟು ಹಾಕಿದರು. ತಮ್ಮ ಊರಿನ ಜನರನ್ನು ಗುಂಡಿಗೆ ಒಯ್ದ ದಿನವನ್ನೇ ಊರಿಗೆಲ್ಲ ಒಂದೇ ತಿಥಿಯೆಂದು ಇಟ್ಟುಕೊಂಡರು. ಒಂದು ಬೀದಿಯವರೆಲ್ಲ, ಒಂದು ಕಾರ್ಖಾನೆಯವರೆಲ್ಲ ಒಂದೇ ದಿನ ತಿಥಿ ಮಾಡುವಂತಾಯಿತು. ದಿನವೇ ತಿಳಿಯದವರಿಗಾಗಿ ಇಸ್ರೇಲಿನ ಧರ್ಮಗುರುಗಳ ಮಂಡಳಿ ಅವರ ಪಂಚಾಂಗದ ತೇವೆತ್ ತಿಂಗಳ ಹತ್ತನೆಯ ದಿನವನ್ನು ಸಾಮಾನ್ಯ ಕದ್ದೀಷಿನ ದಿನವೆಂದು ಗೊತ್ತುಮಾಡಿತು. ಗೋರಿ ಇಲ್ಲದ ಕಡೆ ಇಡೀ ಕಾಡಿನ ತೋಪನ್ನೇ ಗೋರಿ ಎಂದು ಬಗೆದು ಅದರ ಅಂಚಿನಲ್ಲಿ ಕಲ್ಲು ಇಟ್ಟರು.

ಮೊದಲ ಕಲ್ಲುಗಳು

1944ರಿಂದ ಮುಂದೆ ಕೆಂಪು ಸೈನ್ಯ ಊರೂರು ಬಿಡಿಸುತ್ತ ಬಂದಂತೆ, ಅಡಗಿದ್ದವರು, ಕಾಡಿನಲ್ಲಿ ಗುಪ್ತವಾಗಿ ಹೋರಾಡಿದವರು, ಸೈನ್ಯದಲ್ಲಿದ್ದ ಯೆಹೂದಿ ಸಿಪಾಯಿಗಳು ಊರಿಗೆ ಮರಳಿದರು. ಮನೆಯಲ್ಲಿ ಬೇರೆಯವರು ಕೂತಿದ್ದರು. ಗುಂಡಿಯ ಮೇಲೆ ದನ ಮೇಯುತ್ತಿದ್ದವು. ಚಿನ್ನದ ಹಲ್ಲು, ಉಂಗುರ ಸಿಕ್ಕೀತೆಂದು ಮಣ್ಣು ಕೆದಕುವವರೂ ಇದ್ದರು. ಆಗ ಈ ಬಡಪಾಯಿಗಳು ತಮ್ಮಲ್ಲೇ ಚಂದಾ ಎತ್ತಿದರು, ಬೇಲಿ ಹಾಕಿದರು, ಕಲ್ಲು ನಿಲ್ಲಿಸಿದರು. ಸರ್ಕಾರದ ಹುಕುಮಿಗೆ ಕಾಯಲಿಲ್ಲ.

ಬೆಲಾರೂಸಿನ ರಾಜಧಾನಿ ಮಿನ್‌ಸ್ಕಿನ ಕಥೆ ಕೇಳಿ. ಅಲ್ಲಿಯ ಯೆಹೂದಿ ಕೇರಿಯಲ್ಲಿ 1942ರ ಮಾರ್ಚ್ 2ರಂದು ಸುಮಾರು 5,000 ಜನರನ್ನು ಕೊಂದರು. ಅವರು ಬಿದ್ದ ಜಾಗಕ್ಕೆ ಜನ ಇಟ್ಟ ಹೆಸರು 'ಯಾಮಾ', ಅಂದರೆ ಗುಂಡಿ. ಯುದ್ಧ ಮುಗಿದ ಮೇಲೆ ಉಳಿದ ಯೆಹೂದಿಗಳು ಅಲ್ಲಿ ಒಂದು ಕಪ್ಪು ಕಲ್ಲಿನ ಸ್ತಂಭ ನಿಲ್ಲಿಸಿದರು. ಅದರ ಮೇಲೆ ರಷ್ಯನ್ ಭಾಷೆಯ ಜೊತೆಗೆ, ಸತ್ತವರ ಮನೆಮಾತಾದ ಯಿಡ್ಡಿಷಿನಲ್ಲಿಯೂ ಬರೆಸಿದರು. ಇಲ್ಲಿ ಬಿದ್ದವರು ಯೆಹೂದಿಗಳು ಎಂದು ಸ್ಪಷ್ಟವಾಗಿ ಬರೆಸಿದರು. ಸೋವಿಯೆತ್ ನೆಲದಲ್ಲಿ ಹಾಗೆ ಬಹಿರಂಗವಾಗಿ ಹೇಳಿದ ಮೊದಮೊದಲ ಕಲ್ಲುಗಳಲ್ಲಿ ಅದೊಂದು.

ಇದರ ಬೆಲೆ ಏನು ಗೊತ್ತೇ? ಆ ಬರಹವನ್ನು ರಚಿಸಿದ ಕವಿ ಖಾಯಿಂ ಮಾಲ್ತಿನ್‌ಸ್ಕಿ, ಅದನ್ನು ಕಲ್ಲಿನಲ್ಲಿ ಕೆತ್ತಿದ ಶಿಲ್ಪಿ ಮೊರ್ದುಖ್ ಸ್ಪ್ರಿಷೆನ್, ಇಬ್ಬರನ್ನೂ ನಂತರದ ವರ್ಷಗಳಲ್ಲಿ ಸೆರೆ ಹಿಡಿದು ಶಿಬಿರಕ್ಕೆ ಕಳಿಸಿದರು. ಅವರ ಮೇಲೆ ಹೊರಿಸಿದ ಅಪರಾಧ 'ಯೆಹೂದಿ ರಾಷ್ಟ್ರೀಯತೆ'. ಒಬ್ಬ ಕಲ್ಲುಕುಟಿಗ ಉಳಿ ಸುತ್ತಿಗೆ ಹಿಡಿದು ಸತ್ತವರ ಗುರುತು ಬರೆದದ್ದು ರಾಜದ್ರೋಹವಾಯಿತು! ಕಲ್ಲು ಮಾತ್ರ ನಿಂತಿತು. ಮುಂದೆ ಯಾವ ಸಭೆಗೂ ಅಪ್ಪಣೆ ಇಲ್ಲದ ದಶಕಗಳಲ್ಲಿ ಮಿನ್‌ಸ್ಕಿನ ಯೆಹೂದಿಗಳು ಕೂಡುತ್ತಿದ್ದ ಜಾಗ ಅದೇ.

ಪೊನಾರಿಯಲ್ಲಿ ಕಲ್ಲೂ ಉಳಿಯಲಿಲ್ಲ. ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ವಿಲ್ನಾದ ಉಳಿದ ಯೆಹೂದಿಗಳು ಕಟ್ಟಿದ್ದ ಸ್ಮಾರಕವನ್ನು 1952ರಲ್ಲಿ ಅಧಿಕಾರಿಗಳು ಕಿತ್ತು ಹಾಕಿದರು. ಅದರ ಜಾಗದಲ್ಲಿ 'ಫ್ಯಾಸಿಸ್ಟ್ ಹಾವಳಿಗೆ ಬಲಿಯಾದವರು' ಎಂದು ಹೇಳುವ ಇನ್ನೊಂದು ಸ್ತಂಭ ಬಂತು. ಬಲಿಯಾದವರು ಯಾರು ಎಂಬ ಮಾತು ಅದರಲ್ಲಿ ಇರಲಿಲ್ಲ.

'ಶಾಂತಿಪ್ರಿಯ ನಾಗರಿಕರು'

ಸೋವಿಯೆತ್ ಅಧಿಕಾರಿಗಳ ವಾದವನ್ನೂ ನ್ಯಾಯವಾಗಿ ಕೇಳೋಣ. ಅವರು ಹೇಳಿದ್ದು: ಈ ಯುದ್ಧದಲ್ಲಿ ನಮ್ಮ ದೇಶದ ಕೋಟಿಗಟ್ಟಲೆ ಜನ ಸತ್ತರು. ರಷ್ಯನ್ನರು, ಉಕ್ರೇನಿಯನ್ನರು, ಬೆಲಾರೂಸಿನವರು ಎಲ್ಲರೂ ಸತ್ತರು. ಇದೇ ಗುಂಡಿಗಳಲ್ಲಿ ಯುದ್ಧಕೈದಿಗಳೂ ಇದ್ದಾರೆ, ಜಿಪ್ಸಿಗಳೂ ಇದ್ದಾರೆ. ಸತ್ತವರಲ್ಲಿ ಭೇದ ಮಾಡಬಾರದು. ಆದ್ದರಿಂದ 'ಶಾಂತಿಪ್ರಿಯ ಸೋವಿಯೆತ್ ನಾಗರಿಕರು' ಎಂದಷ್ಟೇ ಬರೆದರೆ ಸಾಕು.

ಕೇಳಲು ಸಮತೆಯ ಮಾತಿನಂತಿದೆ. ಸಮಾಜವಾದಿಗಳಾದ ನಾವು ಇಂಥ ಮಾತಿಗೆ ಬೇಗ ತಲೆದೂಗುತ್ತೇವೆ. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ವರ್ತಕ ಮಿತ್ರರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಎಲ್ಲ ಖರ್ಚನ್ನೂ 'ಇತರೆ' ಎಂಬ ಒಂದೇ ಬಾಬಿಗೆ ಬರೆದರೆ ಮೊತ್ತ ಸರಿಯಾಗಿಯೇ ಇರುತ್ತದೆ. ಆದರೆ ಹಣ ಯಾರ ಕೈಗೆ, ಏತಕ್ಕೆ ಹೋಯಿತೆಂದು ಯಾರೂ ಹೇಳಲಾರರು. ಲೆಕ್ಕ ಮುಚ್ಚಿಡುವವನಿಗೆ ಅದಕ್ಕಿಂತ ಸುಲಭದ ದಾರಿ ಬೇರಿಲ್ಲ. ಗುಂಡಿಯ ಮೇಲೆ 'ನಾಗರಿಕರು' ಎಂದು ಬರೆಯುವುದೂ ಹಾಗೆಯೇ. ಮೊತ್ತ ಸುಳ್ಳಲ್ಲ, ಬಾಬು ಸುಳ್ಳು.

ರೀಗಾದಲ್ಲಿ ನಾಜಿಗಳು ಊರಿನ ಪ್ರತಿಯೊಬ್ಬ ಲಾಟ್ವಿಯನ್ನನನ್ನೂ ಕೊಲ್ಲಹೊರಡಲಿಲ್ಲ. ಪ್ರತಿಯೊಬ್ಬ ಯೆಹೂದಿಯನ್ನು ಕೊಲ್ಲಹೊರಟರು. ಮೊಲೆಯ ಕೂಸನ್ನೂ ಕೊಂದರು, ಹಾಸಿಗೆ ಹಿಡಿದ ಮುದುಕಿಯನ್ನೂ ಕೊಂದರು. ಆ ಕೂಸು ಯಾವ ಪಕ್ಷದಲ್ಲಿತ್ತು? ಯಾವ ಬಂದೂಕು ಹಿಡಿದಿತ್ತು? ಅದು ಸತ್ತದ್ದು ಯೆಹೂದಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ. ಆ ಕಾರಣವನ್ನು ಕಲ್ಲಿನಿಂದ ಅಳಿಸಿದರೆ ಕೊಲೆಯ ಅರ್ಧ ಸತ್ಯವನ್ನೇ ಅಳಿಸಿದಂತೆ. ಜೊತೆಗೆ, ಆ ದ್ವೇಷದಲ್ಲಿ ಪಾಲು ಪಡೆದ ನೆರೆಯವನ ಹೆಸರೂ ಅಳಿದುಹೋಗುತ್ತದೆ. ಯುದ್ಧಕೈದಿಗೆ ಅವನ ಹೆಸರು ಸಲ್ಲಬೇಕು, ಜಿಪ್ಸಿಗೆ ಅವನ ಹೆಸರು ಸಲ್ಲಬೇಕು, ಯೆಹೂದಿಗೆ ಅವನ ಹೆಸರು ಸಲ್ಲಬೇಕು. ಒಬ್ಬೊಬ್ಬರ ಸಾವನ್ನೂ ಅದರ ಕಾರಣ ಸಹಿತ ಹೇಳುವುದೇ ಸಮತೆ.

ಉಕ್ರೇನಿನ ಕೀವ್ ನಗರದ ಬಾಬಿ ಯಾರ್ ಎಂಬ ಕಮರಿಯ ಕಥೆ ಇದಕ್ಕೆ ಸಾಕ್ಷಿ. 1941ರ ಸೆಪ್ಟೆಂಬರ್ 29 ಮತ್ತು 30, ಈ ಎರಡು ದಿನದಲ್ಲಿ ಜರ್ಮನರ ಸ್ವಂತ ಲೆಕ್ಕದ ಪ್ರಕಾರವೇ ಅಲ್ಲಿ 33,771 ಯೆಹೂದಿಗಳನ್ನು ಕೊಂದರು. ಮುಂದೆ ಯುದ್ಧಕೈದಿಗಳು, ಜಿಪ್ಸಿಗಳು, ಉಕ್ರೇನಿಯನ್ನರು ಕೂಡ ಅದೇ ಕಮರಿಯಲ್ಲಿ ಬಿದ್ದರು. ಯುದ್ಧಾನಂತರ ಅಲ್ಲಿ ಸ್ಮಾರಕ ಏಳಲಿಲ್ಲ. ಬದಲಿಗೆ ಇಟ್ಟಿಗೆ ಕಾರ್ಖಾನೆಯ ಕೆಸರನ್ನು ಬಿಟ್ಟು ಕಮರಿಯನ್ನು ಮುಚ್ಚತೊಡಗಿದರು. 1961ರ ಮಾರ್ಚ್ 13ರಂದು ಆ ಕೆಸರಿಗೆ ಕಟ್ಟಿದ್ದ ಒಡ್ಡು ಒಡೆದು ಕೆಳಗಿನ ಬಡಾವಣೆಯ ಮೇಲೆ ನುಗ್ಗಿತು. ಸರ್ಕಾರದ ಲೆಕ್ಕದಲ್ಲೇ 145 ಮಂದಿ ಸತ್ತರು. ಮರೆಸಲು ತಂದ ಕೆಸರು ಬದುಕಿದ್ದವರನ್ನೂ ನುಂಗಿತು.

1966ರ ಸೆಪ್ಟೆಂಬರಿನಲ್ಲಿ, ಕೊಲೆಯಾಗಿ 25 ವರ್ಷ ತುಂಬಿದಾಗ, ಅಪ್ಪಣೆ ಕೇಳದೆ ಜನ ಅಲ್ಲಿ ಕೂಡಿದರು. ಬದುಕಿ ಬಂದ ದೀನಾ ಪ್ರೊನಿಚೇವಾಳಂಥವರ ಸಾಕ್ಷ್ಯ ಆಗಲೇ ಕೋರ್ಟಿನ ಕಡತದಲ್ಲಿತ್ತು. ಕಮರಿಯ ದಡದಲ್ಲಿ ಮಾತ್ರ ಅದನ್ನು ಸಾರುವ ಒಂದು ಹಲಗೆಯೂ ಇರಲಿಲ್ಲ. ಅಂದು ಮಾತಾಡಿದವರಲ್ಲಿ ರಷ್ಯನ್ ಲೇಖಕ ವಿಕ್ಟರ್ ನೆಕ್ರಾಸೊವ್, ಉಕ್ರೇನಿಯನ್ ಲೇಖಕ ಇವಾನ್ ಜ್ಯೂಬಾ ಇದ್ದರು. ಇಬ್ಬರೂ ಯೆಹೂದಿಗಳಲ್ಲ ಎಂಬುದನ್ನು ಗಮನಿಸಿರಿ. ಎರಡು ವರ್ಷದ ಮೇಲೆ ಅದೇ ಜಾಗದಲ್ಲಿ ಮಾತಾಡಿದ ಬೋರಿಸ್ ಕೊಚುಬಿಯೆವ್‌ಸ್ಕಿ ಎಂಬ ಎಂಜಿನಿಯರನಿಗೆ 1969ರಲ್ಲಿ ಮೂರು ವರ್ಷ ಸಜೆಯಾಯಿತು. 1976ರಲ್ಲಿ ಸರ್ಕಾರ ದೊಡ್ಡ ಕಂಚಿನ ಸ್ಮಾರಕ ಕಟ್ಟಿತು; ಅದರಲ್ಲಿ ಯೆಹೂದಿ ಎಂಬ ಮಾತಿಲ್ಲ. ಯೆಹೂದಿಗಳ ಏಳು ಕವಲಿನ ದೀಪದ ಆಕಾರದ ಸ್ಮಾರಕ ಅಲ್ಲಿ ನಿಂತದ್ದು 1991ರಲ್ಲಿ, ಕೊಲೆಯಾಗಿ ಐವತ್ತು ವರ್ಷಕ್ಕೆ.

ಭಾನುವಾರದ ಸನಿಕೆ

ರುಂಬುಲಾಕ್ಕೆ ಮರಳಿ ಹೋಗೋಣ. ಅಲ್ಲಿ ಸರ್ಕಾರ ಕಟ್ಟುವುದನ್ನು ಕಾಯದೆ ಜನ ತಾವೇ ಕೈ ಹಾಕಿದರು. 1962ರ ಸುಮಾರಿಗೆ ರೀಗಾದ ಕೆಲವು ಯೆಹೂದಿಗಳು ಆ ತೋಪಿಗೆ ಹೋಗಿ ಗುಂಡಿಗಳ ಜಾಗ ಪತ್ತೆ ಮಾಡಿದರು. ಮುಳ್ಳುಕಂಟಿ ಬೆಳೆದಿತ್ತು, ಮಣ್ಣಿನಲ್ಲಿ ಸುಟ್ಟ ಎಲುಬಿನ ಚೂರು ಕಾಣುತ್ತಿತ್ತು. ಮೊದಲು ಒಂದು ಮರದ ಹಲಗೆ ನೆಟ್ಟರು. 1963ರಲ್ಲಿ ಭಾನುವಾರ ಭಾನುವಾರ ಜನ ಸನಿಕೆ, ಬಕೀಟು ಹಿಡಿದು ಬರತೊಡಗಿದರು. ವಾರವೆಲ್ಲ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ದುಡಿದವರು ರಜೆಯ ದಿನ ಬಂದು ಕಂಟಿ ಕಡಿದರು, ಮಣ್ಣು ಹೊತ್ತು ದಿಬ್ಬಗಳನ್ನು ಸರಿಮಾಡಿದರು, ಹೂಗಿಡ ನೆಟ್ಟರು. ತಂದೆ ತಾಯಿ ಅಲ್ಲಿ ಬಿದ್ದಿದ್ದವರು ಬಂದರು. ಯುದ್ಧದ ನಂತರ ಹುಟ್ಟಿದ ಹುಡುಗರೂ ಬಂದರು. ಆ ಹುಡುಗರಿಗೆ ತಮ್ಮ ಭಾಷೆ ಬರುತ್ತಿರಲಿಲ್ಲ, ಪ್ರಾರ್ಥನೆಯೂ ಬರುತ್ತಿರಲಿಲ್ಲ. ಮಣ್ಣು ಹೊರುವುದೇ ಅವರ ಪ್ರಾರ್ಥನೆಯಾಯಿತು.

1964ರಲ್ಲಿ ಅಲ್ಲಿ ಕಲ್ಲೊಂದು ನಿಂತಿತು. ಅಧಿಕಾರಿಗಳು ಒಪ್ಪಿದ ಬರಹ 'ಫ್ಯಾಸಿಸಮ್ಮಿನ ಬಲಿಗಳಿಗೆ' ಎಂದಷ್ಟೇ. ಯೆಹೂದಿ ಎಂಬ ಪದ ಅದರಲ್ಲಿಯೂ ಇಲ್ಲ. ಆದರೆ ಆ ಬರಹ ಲಾಟ್ವಿಯನ್, ರಷ್ಯನ್ ಭಾಷೆಗಳ ಜೊತೆಗೆ ಯಿಡ್ಡಿಷಿನಲ್ಲಿಯೂ ಇದೆ. ಯಿಡ್ಡಿಷ್ ಬರೆಯುವುದು ಹೀಬ್ರೂ ಅಕ್ಷರಗಳಲ್ಲಿ. ಪದ ಹೇಳದ್ದನ್ನು ಲಿಪಿ ಹೇಳಿತು. ಆ ಅಕ್ಷರ ಕಂಡ ಯಾರಿಗೂ ಇಲ್ಲಿ ಮಲಗಿದವರು ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ಮುಂದಿನ ವರ್ಷಗಳಲ್ಲಿ ಆ ತೋಪಿನ ವಾರ್ಷಿಕ ಸ್ಮರಣೆಯೇ ಸೋವಿಯೆತ್ ಯೆಹೂದಿಗಳ ಹಕ್ಕಿನ ಚಳುವಳಿಗೆ ಒಂದು ಮೂಲವಾಯಿತು. ಸತ್ತವರಿಗಾಗಿ ಕೂಡಿದ ಜನ ಬದುಕಿದವರ ಮಾತನ್ನೂ ಆಡತೊಡಗಿದರು.

ಅಗೆಯುವುದು ಬೇಡ

ಈ ತಗಾದೆ ಸೋವಿಯೆತ್ ನೆಲದಲ್ಲಿ ಮಾತ್ರ ನಡೆಯಿತೆಂದು ತಿಳಿಯಬೇಡಿ. ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರವನ್ನು ಬ್ರಿಟಿಷ್ ಸೈನ್ಯ 1945ರ ಏಪ್ರಿಲ್ 15ರಂದು ಬಿಡಿಸಿತು. ಹೂಳದ ಸಾವಿರಾರು ಹೆಣಗಳು ಅಲ್ಲಿ ಬಿದ್ದಿದ್ದವು. ಬಿಡುಗಡೆಯಾದ ಮೇಲೆಯೂ ರೋಗ, ನಿತ್ರಾಣದಿಂದ ಸುಮಾರು 13,000 ಜನ ಸತ್ತರು. ಬಹುಮಂದಿಯನ್ನು ಉದ್ದನೆಯ ಗುಂಡಿಗಳಲ್ಲಿ ಹೂಳಿ, ಇಲ್ಲಿ ಇಷ್ಟು ಸಾವಿರ ಎಂದು ಅಂಕಿ ಬರೆದ ಫಲಕ ಹಾಕಿದರು. ಬದುಕಿದ ಯೆಹೂದಿಗಳು ಅಲ್ಲಿಯೇ ಪಕ್ಕದ ಸೈನಿಕ ಮನೆಗಳಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಇದ್ದರು. ಜೋಸೆಫ್ ರೋಸೆನ್‌ಸಾಫ್ಟ್ ಎಂಬವರ ಮುಂದಾಳುತನದಲ್ಲಿ ತಮ್ಮದೇ ಸಮಿತಿ ಕಟ್ಟಿಕೊಂಡರು. ಬಿಡುಗಡೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 1946ರ ಏಪ್ರಿಲ್ 15ರಂದು, ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ಬರೆದ ತಮ್ಮ ಕಲ್ಲನ್ನು ಅನಾವರಣ ಮಾಡಿದರು. ಸರ್ಕಾರಿ ಸ್ಮಾರಕ ಬಂದದ್ದು 1952ರಲ್ಲಿ; ನಿರಾಶ್ರಿತರದು ಅದಕ್ಕಿಂತ ಆರು ವರ್ಷ ಮೊದಲು.

1950ರ ದಶಕದಲ್ಲಿ ಫ್ರಾನ್ಸ್ ಸರ್ಕಾರ ಒಂದು ಬೇಡಿಕೆ ಇಟ್ಟಿತು. ಗುಂಡಿಗಳನ್ನು ಅಗೆದು ಫ್ರೆಂಚ್ ಪ್ರಜೆಗಳ ಅವಶೇಷ ಹುಡುಕಿ ಸ್ವದೇಶಕ್ಕೆ ಒಯ್ಯುತ್ತೇವೆ ಎಂದಿತು. ಅದೂ ತಪ್ಪು ಆಸೆಯಲ್ಲ. ಮಗನ ಎಲುಬು ತನ್ನ ಊರಿನ ಮಣ್ಣಿಗೆ ಸೇರಲಿ ಎಂದು ತಾಯಿ ಬಯಸುವುದು ಸಹಜ. ಆದರೆ ಬದುಕಿ ಉಳಿದ ಯೆಹೂದಿಗಳು ಬಲವಾಗಿ ವಿರೋಧಿಸಿದರು. ಒಬ್ಬನನ್ನು ಹುಡುಕಲು ನೂರು ಜನರ ಎಲುಬು ಕಲಕಬೇಕು; ಹೂಳಿದವರನ್ನು ಕದಲಿಸಬಾರದೆಂಬುದು ನಮ್ಮ ಧರ್ಮ; ಒಟ್ಟಿಗೆ ನರಳಿ ಒಟ್ಟಿಗೆ ಬಿದ್ದವರು ಒಟ್ಟಿಗೇ ಇರಲಿ ಎಂದರು. ತಕರಾರು ಹತ್ತು ವರ್ಷಕ್ಕೂ ಮೀರಿ ನಡೆಯಿತು. 1969ರಲ್ಲಿ ಪಂಚಾಯ್ತಿಗೆ ಕೂತ ಅಂತರರಾಷ್ಟ್ರೀಯ ಮಂಡಳಿ ಅಗೆಯುವುದು ಬೇಡ ಎಂದು ತೀರ್ಪಿತ್ತಿತು. ಹಿಂದೆ ನಿರಾಶ್ರಿತರಾಗಿದ್ದವರು ಒಂದು ದೊಡ್ಡ ಸರ್ಕಾರದೆದುರು ತಮ್ಮ ಸತ್ತವರ ಪರ ನಿಂತು ಗೆದ್ದರು.

ದೂರದಲ್ಲಿ ನಿಂತು

ಗುಂಡಿಯ ಬಳಿಗೆ ಹೋಗಲು ಎಲ್ಲರಿಗೂ ಆಗಲಿಲ್ಲ. ಉಳಿದವರಲ್ಲಿ ಹೆಚ್ಚಿನವರು ಇಸ್ರೇಲಿಗೆ, ಅಮೆರಿಕಕ್ಕೆ, ಅರ್ಜೆಂಟೀನಾಕ್ಕೆ ಹೋದರು. ನಡುವೆ ಗಡಿಗಳು ಮುಚ್ಚಿದ್ದವು. ಅಲ್ಲಿ ಅವರು ಊರೂರಿನ ಸಂಘಗಳನ್ನು ನಡೆಸಿದರು. ಒಂದೇ ಊರಿನಿಂದ ವಲಸೆ ಬಂದವರು ತಿಂಗಳ ಚಂದಾ ಹಾಕಿ ಕಷ್ಟಸುಖಕ್ಕೆ ಆಗುವ ಸಂಘಗಳು ಅವರಲ್ಲಿ ಯುದ್ಧಕ್ಕೆ ಮುಂಚೆಯೂ ಇದ್ದವು. ಈಗ ಅವೇ ಸಂಘಗಳು ವರ್ಷಕ್ಕೊಮ್ಮೆ, ಊರು ಅಳಿದ ದಿನ, ಸಭೆ ಸೇರಿದವು. ಆರು ಮೇಣದ ಬತ್ತಿ ಹಚ್ಚುವುದು ವಾಡಿಕೆ, ಹತ್ತು ಲಕ್ಷಕ್ಕೆ ಒಂದರಂತೆ. ನಂತರ ಹೆಸರು ಓದುವುದು, ಕದ್ದೀಷ್ ಹೇಳುವುದು. ತೆಲ್ ಅವೀವ್ ಬಳಿಯ ಹೋಲೊನ್ ಸ್ಮಶಾನದಲ್ಲಿ ಅಳಿದ ಊರುಗಳ ಹೆಸರಿನ ಕಲ್ಲುಗಳ ಸಾಲೇ ಇದೆ. ಗೋರಿಗೆ ಹೋಗಲಾರದವರು ಗೋರಿಯ ಗುರುತನ್ನು ತಮ್ಮ ಬಳಿಗೆ ತಂದುಕೊಂಡರು.

ಈ ಸಂಘಗಳು ಮಾಡಿದ ಇನ್ನೊಂದು ಕೆಲಸ ಪುಸ್ತಕ. ತಮ್ಮ ಊರಿನ ಬೀದಿಗಳ ನಕ್ಷೆ, ಶಾಲೆ, ಸಂಘ, ಸಂತೆ, ಹುಚ್ಚ, ವೈದ್ಯ, ಎಲ್ಲವನ್ನೂ ನೆನಪಿನಿಂದ ಬರೆದು, ಕೊನೆಯಲ್ಲಿ ಸತ್ತವರ ಪಟ್ಟಿ ಹಾಕಿ ಅಚ್ಚು ಮಾಡಿಸಿದರು. ಇಂಥ ಸ್ಮರಣೆಯ ಪುಸ್ತಕಗಳು ನೂರಾರು ಇವೆ. ಬರೆದವರು ಪಂಡಿತರಲ್ಲ, ದರ್ಜಿಗಳು, ಅಂಗಡಿಕಾರರು. ಖರ್ಚು ಭರಿಸಿದ್ದೂ ಅವರೇ. ಜೆರೂಸಲೇಮಿನ ಯಾದ್ ವಾಷೆಮ್ ಸಂಸ್ಥೆ 1953ರಲ್ಲಿ ಸ್ಥಾಪನೆಯಾಯಿತು. ಒಬ್ಬೊಬ್ಬ ಸತ್ತವನಿಗೂ ಒಂದೊಂದು ಹಾಳೆಯಂತೆ ಹೆಸರು, ಊರು, ಕಸುಬು, ತಂದೆ ತಾಯಿಯರನ್ನು ಬರೆದುಕೊಡಿರೆಂದು ಅದು ಉಳಿದವರನ್ನು ಕೇಳುತ್ತ ಬಂದಿದೆ. ಹೀಗೂ ಬೇರೆ ದಾಖಲೆಗಳಿಂದಲೂ 48 ಲಕ್ಷಕ್ಕೂ ಹೆಚ್ಚು ಹೆಸರು ಕೂಡಿವೆ. ಉಳಿದ ಹೆಸರುಗಳಲ್ಲಿ ಹೆಚ್ಚಿನವು ಪೂರ್ವದ ಗುಂಡಿಗಳಲ್ಲಿವೆ. ರೈಲಿಗೆ ಹತ್ತಿಸಿದವರ ಪಟ್ಟಿಗಳನ್ನು ಜರ್ಮನರು ಇಟ್ಟಿದ್ದರು. ಗುಂಡಿಯ ಅಂಚಿನಲ್ಲಿ ಕೊಂದವರಿಗೆ ಪಟ್ಟಿ ಇರಲಿಲ್ಲ, ಎಣಿಕೆ ಮಾತ್ರ.

ಸೋವಿಯೆತ್ ಒಕ್ಕೂಟ ಮುರಿದ ಮೇಲೆ ಬರಹಗಳು ಬದಲಾದವು. ಪೊನಾರಿಯಲ್ಲಿ 1991ರಲ್ಲಿ ಹೀಬ್ರೂ, ಯಿಡ್ಡಿಷ್ ಅಕ್ಷರಗಳು ಮರಳಿದವು. ರುಂಬುಲಾದಲ್ಲಿ 2002ರಲ್ಲಿ ಹೊಸ ಸ್ಮಾರಕ ತೆರೆಯಿತು. ನಿಲ್ಲಿಸಿದ ಕಲ್ಲುಗಳ ಮೇಲೆ ಸತ್ತವರ ಹೆಸರು, ಹಾಸಿದ ಕಲ್ಲುಗಳ ಮೇಲೆ ಆ ಯೆಹೂದಿ ಕೇರಿಯ ಬೀದಿಗಳ ಹೆಸರು. ಈಚಿನ ವರ್ಷಗಳಲ್ಲಿ ನವೆಂಬರ್ 30ರಂದು ರೀಗಾದ ಸಾಮಾನ್ಯ ಜನ, ಯೆಹೂದಿಗಳಲ್ಲದವರು, ನಗರದ ನಡುವಿನ ಸ್ವಾತಂತ್ರ್ಯ ಸ್ತಂಭದ ಬುಡದಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. ಫ್ರಾನ್ಸಿನ ಪಾದ್ರಿ ಪ್ಯಾಟ್ರಿಕ್ ದೆಬ್ವಾ 2004ರಲ್ಲಿ ಕಟ್ಟಿದ ಸಂಸ್ಥೆ ಹಳ್ಳಿ ಹಳ್ಳಿ ತಿರುಗಿ, ಅಂದು ಮಕ್ಕಳಾಗಿದ್ದು ಕಂಡ ಮುದುಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ಕೊಲೆಯ ಜಾಗಗಳನ್ನು ಗುರುತಿಸಿದೆ. ಇನ್ನೂ ಕಲ್ಲು ಕಾಣದ ಗುಂಡಿಗಳು ಹೊಲಗಳ ಕೆಳಗೆ ಇವೆ.

ಬದುಕಿ ಬಂದವರು ಈಗ ಬಹುಮಂದಿ ತೀರಿಹೋದರು. ಉಳಿದವರು ತೊಂಬತ್ತರ ಆಸುಪಾಸಿನ ಮುದುಕರು. ಮೊಮ್ಮಕ್ಕಳು ಆ ತೋಪುಗಳಿಗೆ ಬಂದು, ಓದಲು ಬಾರದ ಅಕ್ಷರದ ಮುಂದೆ ನಿಂತು, ಒಂದು ಬೆಣಚುಕಲ್ಲು ಇಟ್ಟು ಹೋಗುತ್ತಾರೆ. ನೆಲವೂ ಶಾಂತವಾಗಿಲ್ಲ. 2022ರ ಮಾರ್ಚ್ 1ರಂದು ಬಾಬಿ ಯಾರ್ ಪಕ್ಕದ ಟೆಲಿವಿಷನ್ ಗೋಪುರದ ಮೇಲೆ ರಷ್ಯದ ಕ್ಷಿಪಣಿ ಬಿದ್ದು, ದಾರಿಯಲ್ಲಿ ಹೋಗುತ್ತಿದ್ದ ಜನ ಸತ್ತರು.

ಬಂಧುಗಳೇ, ಇಷ್ಟು ದೂರದ ಕಥೆಯನ್ನು ನಿಮ್ಮ ಮುಂದೆ ಇಟ್ಟ ಉದ್ದೇಶವೇನು? ಕಣ್ಣೀರು ತರಿಸುವುದಕ್ಕಲ್ಲ. ಸತ್ತವರನ್ನು ನೆನೆಯುವುದು ಬರೀ ದುಃಖದ ಕೆಲಸ, ಮನೆಯೊಳಗಿನ ಕೆಲಸ ಎಂದು ನಾವು ತಿಳಿದಿರುತ್ತೇವೆ. ಈ ಜನ ತೋರಿಸಿದ್ದು ಬೇರೆ. ಕೊಂದವನು ಹೆಣವನ್ನು ಸುಟ್ಟು ಸಾಕ್ಷಿ ಅಳಿಸಲು ನೋಡಿದ. ಆಮೇಲೆ ಬಂದ ಆಳುವವನು ಕಾರಣವನ್ನು ಅಳಿಸಲು ನೋಡಿದ. ಇಬ್ಬರ ಎದುರಿಗೂ ನಿಂತದ್ದು ಸನಿಕೆ ಹಿಡಿದ ಕೂಲಿಯವನು, ಉಳಿ ಹಿಡಿದ ಕಲ್ಲುಕುಟಿಗ, ಚಂದಾ ಪುಸ್ತಕ ಹಿಡಿದ ಅಂಗಡಿಕಾರ. ಅವರು ಕೇಳಿದ್ದು ಬಹಳ ಸಣ್ಣದು: ಇಲ್ಲಿ ಬಿದ್ದವರು ಯಾರು, ಅವರನ್ನು ಏಕೆ ಕೊಂದರು, ಈ ಎರಡು ಮಾತನ್ನು ಕಲ್ಲಿನ ಮೇಲೆ ನಿಜವಾಗಿ ಬರೆಯಿರಿ. ಆ ಸಣ್ಣ ಮಾತಿಗಾಗಿ ಮಿನ್‌ಸ್ಕಿನ ಕಲ್ಲುಕುಟಿಗ ಸೆರೆಮನೆಗೆ ಹೋದ. ಅವನು ಕೆತ್ತಿದ ಅಕ್ಷರ ಇಂದಿಗೂ ಆ ಕಪ್ಪು ಕಲ್ಲಿನ ಮೇಲಿದೆ.